ಮಾವನಿಗೊಪ್ಪುವ ಇಸ್ಪೀಟೆಲೆ

"ಪೋಕರ್ ಬೇಜಾರಾಗಿದೆ ಕಣಮ್ಮ," ಎಂದು ಮಾವ ಮನೆಯ ಭಾನುವಾರದ ಆಟ ಬಿಟ್ಟಾಗ ಸೊಸೆ ನಂಬಲಿಲ್ಲ. ಎಂಟನ್ನು ಮೂರೆಂದು ಓದಿ ಅವರು ಪೆಚ್ಚಾದದ್ದನ್ನು ಅವಳು ನೋಡಿದ್ದಳು.

ಮರುದಿನ ಅಂಗಡಿಯಲ್ಲಿ ಅವಳು ತನ್ನ ದಪ್ಪ ಕನ್ನಡಕ ತೆಗೆದು, ಪ್ಲಾಸ್ಟಿಕ್ ಇಸ್ಪೀಟೆಲೆಗಳನ್ನು ದೂರ ಹಿಡಿದು ನೋಡಿದಳು. ಮೊದಲ ಕಟ್ಟಿನ ಹೊಳಪು ಅಂಕಿಗಳನ್ನೇ ನುಂಗಿತು. ಎರಡನೆಯದು ಬೆರಳಲ್ಲಿ ನಿಲ್ಲದೆ ಜಾರಿತು.

"ಕನ್ನಡಕ ಹಾಕ್ಕೊಂಡು ನೋಡಿ ಅಕ್ಕ," ಎಂದು ಅಂಗಡಿಯವನು ನಕ್ಕ.

"ಹಾಕ್ಕೊಂಡ್ರೆ ಎಲ್ಲಾ ಚೆನ್ನಾಗೇ ಕಾಣುತ್ತಪ್ಪ, ನಮ್ಮ ಮಾವನಿಗೆ ಕಾಣ್ಬೇಕಲ್ಲ," ಎಂದು ಅವಳು ಹೊಳಪಿಲ್ಲದ, ದಪ್ಪಂಕಿಯ ಕಟ್ಟನ್ನು ಆರಿಸಿದಳು.

"ಹಳೇದರ ಮೇಲೆ ಚಹಾ ಚೆಲ್ತು ಮಾವ, ಹೊಸದು ತಂದೆ. ಒಂದಾಟ ಆಡಿ ನೋಡಿ," ಎಂದು ಮನೆಯಲ್ಲಿ ಸುಳ್ಳು ಹೇಳಿದಳು.

ಭಾನುವಾರ ಮಾವ ಎಲೆಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದರು. ಕೈಯಲ್ಲಿ ಒಂದೂ ಒಳ್ಳೆಯ ಎಲೆ ಇಲ್ಲದಿದ್ದರೂ ಮೀಸೆ ತಿರುವಿ, ಸೊಸೆಯನ್ನು ಹೆದರಿಸಿ ಗೆದ್ದು, "ಇನ್ನೊಂದಾಟ ಹಂಚಮ್ಮ," ಎಂದರು.