ಸುಮಿತ್ರಾಳ ಮದುವೆಯೂಟ

ಸತ್ಯಪ್ರಕಾಶರು ಹೆದರಿಸುವ ಕತೆ ಕೇಳಿದರು. ಸಾವಿತ್ರಮ್ಮ ಒಪ್ಪಿದ್ದು ಬೇರೆಯೇ ಕಾರಣಕ್ಕೆ.

ವಡೋದರದ ಕನ್ನಡಿಗರು ಮಕ್ಕಳ ಭಾನುವಾರದ ಕನ್ನಡ ತರಗತಿಗೊಂದು ಕೋಣೆ ಹಿಡಿಯಲು ನಿಧಿ ಕೂಡಿಸುತ್ತಿದ್ದರು. ಅದಕ್ಕೆಂದೇ ಅಲ್ಕಾಪುರಿಯಲ್ಲಿ, ಸಾವಿತ್ರಮ್ಮನ ಮನೆಯವರ ಹೋಟೆಲಿನ ಮಹಡಿಯಲ್ಲಿ ತಿಂಗಳಿಗೊಮ್ಮೆ 'ದೆವ್ವದೂಟ': ಒಂದು ಸೀಮೆಯ ಅಡುಗೆ, ಜತೆಗೆ ಅದೇ ಸೀಮೆಯ ದೆವ್ವದ ಕತೆ. ಹೋದ ತಿಂಗಳು ಧಾರವಾಡದವರು ರೊಟ್ಟಿ, ಎಣ್ಣೆಗಾಯಿ ಬಡಿಸಿ, ಬಾವಿಯ ಹೆಂಗಸಿನ ಕತೆ ಹೇಳಿ, ಗುಜರಾತಿ ಅತಿಥಿಗಳು ಕೈ ತೊಳೆಯಲೂ ಜೋಡಿಯಾಗಿ ಹೋಗುವಂತೆ ಮಾಡಿದ್ದರು. ಕೊಯಾಲಿಯ ರಿಫೈನರಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾಗಿ ಈಗ ಈ ಊಟಗಳ ಉಸ್ತುವಾರಿ ಹೊತ್ತ ಸತ್ಯಪ್ರಕಾಶರಿಗೆ ಈ ಸಲ ಅದನ್ನೂ ಮೀರಿಸಬೇಕಿತ್ತು.

"ನಿಮ್ ಕರಾವಳೀಲಿ ದೆವ್ವಕ್ಕೆ ಬರವೇನಮ್ಮ? ಭಯಂಕರದ್ದೊಂದು ತೆಗೀರಿ."

"ಮದುವೆದ್ದು ಒಂದು ಉಂಟು. ಆದೀತಾ?" ಎಂದರು ಸಾವಿತ್ರಮ್ಮ.

ಅವರ ತಂಗಿ ಸುಮಿತ್ರಾ ಆರು ವರ್ಷಕ್ಕೇ ಜ್ವರದಲ್ಲಿ ಹೋದವಳು. ತುಳುನಾಡಿನ ಎಷ್ಟೋ ಮನೆಗಳಲ್ಲಿ ಹಾಗೆ ಹೋದ ಮಕ್ಕಳು ಅಷ್ಟಕ್ಕೇ ನಿಲ್ಲುವುದಿಲ್ಲ, ಇದ್ದವರ ಜತೆಗೇ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದರೆಂದು ಲೆಕ್ಕ ಹಾಕಿ, ಹಾಗೆಯೇ ಹೋದ ಇನ್ನೊಂದು ಮನೆಯ ಮಗನನ್ನು ಹುಡುಕಿ, ಸೀರೆ, ಕರಿಮಣಿ ಇಟ್ಟು ಮದುವೆ ಮಾಡುತ್ತಾರೆ. ಸುಮಿತ್ರಾಳಿಗೂ ಮಾಡಿದರು. ಆಗ ಸಾವಿತ್ರಮ್ಮ ಇದೇ ವಡೋದರದಲ್ಲಿ ಚೊಚ್ಚಲ ಬಸುರಿ. ಗಂಡ ಶಂಕರನಾರಾಯಣರು ಹೋಟೆಲು ತೆರೆದು ವಾರವೂ ಆಗಿರಲಿಲ್ಲ. ಹೋಗಲಾಗಲಿಲ್ಲ. ಒಡಹುಟ್ಟಿದವಳ ಮದುವೆಯಲ್ಲಿ ಒಂದು ಸೌಟು ಬಡಿಸಲಿಲ್ಲವಲ್ಲ ಎಂಬ ಸಂಕಟ ಅವರನ್ನು ಬಿಟ್ಟಿರಲಿಲ್ಲ. ಈಗ ಊರಿನಲ್ಲಿ ಸುಮಿತ್ರಾಳ ಹೆಸರೆತ್ತುವವರೂ ಇಲ್ಲ. ದೆವ್ವದೂಟವೋ ಮತ್ತೊಂದೋ, ಆ ಊಟ ತಮ್ಮ ಕೈಯಾರೆ ಆಗಲಿ ಎಂದುಕೊಂಡರು.

ಆ ಸಂಜೆ ಅಡುಗೆಭಟ್ಟರನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೇದಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ, ತೊಂಡೆಕಾಯಿ-ಕಡಲೆ ಪಲ್ಯ, ಬೆಲ್ಲದ ಪಾಯಸ ಎಲ್ಲ ಅವರದೇ. ಪಂಕ್ತಿಯ ತುದಿಯಲ್ಲಿ ವಧುವರರಿಗೆ ಎರಡು ಎಲೆ. ಒಂದರ ಹಿಂದಿನ ಮಣೆಯ ಮೇಲೆ ಸೀರೆ, ಇನ್ನೊಂದರ ಹಿಂದಿನದರ ಮೇಲೆ ಪಂಚೆ. ಸೊಸೆ ಮೇಘನಾ ಮೈಕು ಹಿಡಿದು ಎಲ್ಲವನ್ನೂ ಗುಜರಾತಿಯಲ್ಲಿ ಹೇಳುತ್ತಿದ್ದಳು. ಸೂರತ್ತಿನಲ್ಲಿ ಹುಟ್ಟಿ ಬೆಳೆದವಳು; ಅವಳ ಕನ್ನಡ ಅತ್ತೆಗೆ ದಿನನಿತ್ಯದ ತಲೆನೋವು.

ಆ ಊಟಕ್ಕೊಂದು ಕಟ್ಟಳೆಯಿದೆ. ಪಂಕ್ತಿ ಏಳುವ ತನಕ 'ಸತ್ತಳು' ಎನ್ನಬಾರದು, 'ಇದ್ದಳು' ಎನ್ನಬಾರದು. ಮದುಮಕ್ಕಳು ಎದುರಿಗೇ ಕೂತಿದ್ದಾರೆ. ಮಾತಾಡಿಸಬೇಕು, ಉಪಚಾರ ಹೇಳಬೇಕು. ಇದನ್ನು ಸಾವಿತ್ರಮ್ಮ ಸೊಗಸಾಗಿ ವಿವರಿಸಿದರು. ಜನ ಕಿವಿಯಾಗಿ ಕೂತರು. ಇನ್ನು ತಂಗಿಯನ್ನು ಕರೆಯಬೇಕು.

"ನಮ್ಮ ಸುಮಿತ್ರಾ ಎಷ್ಟು ಚಂದ ಇದ್ದಳು ಅಂದ್ರೆ..."

ನಾಲಿಗೆ ಅಲ್ಲಿಗೇ ನಿಂತಿತು. ಇಷ್ಟು ವರ್ಷ 'ಇದ್ದಳು' ಎಂದೇ ಹೇಳಿ ರೂಢಿಯಾದ ಬಾಯಿ. ಕೂರಿಸಿ ಬಡಿಸಲು ಕರೆದವಳನ್ನು ತಾನೇ ಎಬ್ಬಿಸಿ ಕಳಿಸಿದಂತಾಯಿತಲ್ಲ ಎಂದು ಮುದುಕಿ ಪಾಯಸದ ಪಾತ್ರೆ ಹಿಡಿದು ನಿಂತುಬಿಟ್ಟರು. ಸೌಟು ಎತ್ತಲಾಗಲಿಲ್ಲ.

"ಸಸ್ಪೆನ್ಸ್ ಚೆನ್ನಾಗಿದೆ, ಲೈಟ್ ಆರಿಸ್ಲಾ?" ಎಂದು ಸತ್ಯಪ್ರಕಾಶರು ಪಿಸುಗುಟ್ಟಿದರು. ಎಲ್ಲಿಯ ಸಂಕಟ, ಎಲ್ಲಿಯ ಲೈಟು!

ಮೇಘನಾ ಮೈಕು ಕೆಳಗಿಟ್ಟಳು. ಅತ್ತೆಯ ಕೈಯಿಂದ ಪಾಯಸದ ಪಾತ್ರೆ ತೆಗೆದುಕೊಂಡು ಸೀರೆಯ ಮುಂದಿನ ಎಲೆಗೆ ಬಾಗಿದಳು.

"ಚಿಕ್ಕತ್ತೆ, ನಾನು ಮೇಘನಾ, ನಿಮ್ಮ ಸೊಸೆ. ಮದುವೆ ದಿನ ಯಾರಾದ್ರೂ ಖಾಲಿ ಹೊಟ್ಟೆ ಕೂರ್ತಾರಾ? ಶರಮಾತಾ ನಹೀಂ, ನಾಚ್ಕೋಬೇಡಿ. ಸ್ವಲ್ಪ ಪಾಯಸ ಹಾಕ್ತೇನೆ, ಆಯ್ತಾ?"

ಚಿಕ್ಕತ್ತೆ! ಸಾವಿತ್ರಮ್ಮನ ಮನಸ್ಸಿನಲ್ಲಿ ಸುಮಿತ್ರಾ ಇವತ್ತಿಗೂ ಮೂಗು ಸೋರುವ, ಲಂಗ ಎತ್ತಿಕೊಂಡು ಓಡುವ ಹುಡುಗಿ. 'ಬಾರೇ, ಹೋಗೇ' ಬಿಟ್ಟರೆ ಅವಳನ್ನು ಇನ್ನೊಂದು ರೀತಿ ಕರೆದವರಿಲ್ಲ. 'ನೀವು' ಅನ್ನಿಸಿಕೊಳ್ಳುವಷ್ಟು ಅವಳು ಬೆಳೆಯಲೇ ಇಲ್ಲ. ಈಗ ನೋಡಿದರೆ ತಲೆ ನರೆತ ಹಿರಿಯಳು, ಸೊಸೆಯ ಉಪಚಾರಕ್ಕೆ ಬೇಡ ಬೇಡ ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿಯುವವಳು. ಅಳು ಬಂತು, ತುಂಬಿದ ಸಭೆಯಲ್ಲೇ ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಪಕ್ಕ ಹೋಗಿ ನಿಂತರು.

"ಒಂದೇ ಸೌಟಾ? ಎಂತ ಮಾರಾಯ್ತಿ, ಇನ್ನೂ ಹಾಕು" ಎಂದು ಗದರಿದರು. "ನನ್ನ ತಂಗಿಗೆ ಪಾಯಸ ಅಂದ್ರೆ ಪ್ರಾಣ."