ಅವ್ವನ ಹೆಸರಿನ ಮಂಚ

ಯೆವ್ಡೊಕಿಯಾ ಅಜ್ಜಿಯ ಮನೆಗೆ ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ. ಜೋಳದ ಹಿಟ್ಟು, ಎಣ್ಣೆ, ಮೊಮ್ಮಗಳಿಗೊಂದು ಜೊತೆ ಬೂಟು, ಎಲ್ಲವನ್ನೂ ಹೊತ್ತು ಹೋದವಳು ಅಂಗಳದಲ್ಲೇ ನಿಂತು, "ಅಜ್ಜಿ, ಇದು ನಮ್ಮ ಸಂಘದಿಂದ, ಬಡವರಿಗೆ" ಎಂದುಬಿಟ್ಟೆ. ಬೇಲಿಯಾಚೆ ಪಕ್ಕದ ಮನೆಯವಳು ದ್ರಾಕ್ಷಿ ಕೀಳುತ್ತಿದ್ದಳು. ಅವಳ ಕೈ ನಿಂತದ್ದು ನನಗೆ ಕಾಣಲಿಲ್ಲ, ಅಜ್ಜಿಗೆ ಕಂಡಿತು.

"ಯಾರೇ ಬಡವರು? ನಾನು ಯಾವತ್ತು ನಿನ್ನ ಮುಂದೆ ಕೈ ಚಾಚಿದ್ದೆ? ತಗೊಂಡು ಹೋಗು. ದಾರೀಲಿ ಬಡವರು ಸಿಕ್ಕಿದ್ರೆ ಕೊಡು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಗೊಣಗಿಕೊಳ್ಳುತ್ತ ಚೀಲವನ್ನು ಮತ್ತೆ ಬಸ್ಸಿಗೆ ಹೊತ್ತೆ.

ನನ್ನ ಹೆಸರು ಅಗ್ರಿಪಿನಾ. ಸೊರೋಕಾ ಪಟ್ಟಣದಲ್ಲಿ ನಾವು ನಾಲ್ಕು ಜನ ಹೆಂಗಸರು ಸೇರಿ ಹೆಣ್ಣುಮಕ್ಕಳಿಗೆಂದು ಒಂದು ಮನೆ ನಡೆಸುತ್ತೇವೆ. ಹಳ್ಳಿಯಿಂದ ಓದಲು ಬಂದವರು, ಮನೆಯಲ್ಲಿ ಇರಲಾಗದವರು ಅಲ್ಲಿರುತ್ತಾರೆ. ನಮ್ಮ ಮಾಲ್ಡೋವಾದ ಹಳ್ಳಿಗಳಲ್ಲಿ ಅರ್ಧ ಮನೆಗಳಿಗೆ ಬೀಗ. ದುಡಿಯುವವರೆಲ್ಲ ಪರದೇಶದಲ್ಲಿ. ಅಂಥ ಊರುಗಳಲ್ಲೇ ಹುಡುಗಿಯರನ್ನು ಪರದೇಶಕ್ಕೆ ಸಾಗಿಸುವ ರಾಯಿಸಾಳಂಥವರು ಓಡಾಡುವುದು. ಬಾಯಿ ಬಿಟ್ಟರೆ ಬೆಣ್ಣೆ, ಕೈಯಲ್ಲಿ ಚಾಕಲೇಟು ಡಬ್ಬಿ. ಯೆವ್ಡೊಕಿಯಾ ಅಜ್ಜಿಯ ಮೊಮ್ಮಗಳು ಕ್ರಿನಾಳ ಮೇಲೆ ಅವಳ ಕಣ್ಣು ಬಿದ್ದಿತ್ತು.

ಕ್ರಿನಾಗೆ ಹದಿನೈದು. ಅಪ್ಪ ಅಮ್ಮ ಇಲ್ಲ. ಒಂಬತ್ತನೇ ತರಗತಿ ಮುಗಿಸಿ, ಪಟ್ಟಣದ ನರ್ಸಿಂಗ್ ಶಾಲೆಯಲ್ಲಿ ಸೀಟು ಗಿಟ್ಟಿಸಿಕೊಂಡಿದ್ದಳು. ಇರಲು ಜಾಗ ಮಾತ್ರ ಇರಲಿಲ್ಲ. ರಾಯಿಸಾ ಹೇಳಿದ್ದು ಬೇರೆ: ಸಮುದ್ರದ ದಡದಲ್ಲಿ ದೊಡ್ಡ ಹೋಟೆಲು, ಅತಿಥಿಗಳ ಮಕ್ಕಳನ್ನು ಆಡಿಸುವ ಕೆಲಸ, ಒಂದೇ ವರ್ಷ. ಅಜ್ಜಿ ಸೋಮವಾರ ನೋಟರಿಯ ಮುಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಹುಡುಗಿ ಗಡಿ ದಾಟುತ್ತಿದ್ದಳು.

ಆ ಹೋಟೆಲಿಗೆ ಹೋಗಿ ಬಂದ ಇಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಒಬ್ಬಳು ಈಗಲೂ ಬಾಗಿಲಿಗೆ ಕುರ್ಚಿ ಒತ್ತಿಡದೆ ಮಲಗುವುದಿಲ್ಲ. ಅವರ ದೂರು ಎರಡು ವರ್ಷದಿಂದ ವಿಚಾರಣೆಯಲ್ಲಿದೆ. ಕ್ರಿನಾಳ ವಿಷಯ ಹೇಳಲು ಹೋದರೆ ಠಾಣೆಯವನು, "ಹುಡುಗಿ ಇನ್ನೂ ಊರಲ್ಲೇ ಇದಾಳಲ್ಲ ಮೇಡಂ, ಏನಂತ ಬರ್ಕೊಳ್ಳಲಿ?" ಎಂದ. ಕಳ್ಳ ಓಡಿದ ಮೇಲೆ ಬಾಗಿಲು ಹಾಕುವ ಜಾತಿ. ಅವನ ಮೇಜಿನ ಮೇಲೆ ಅರ್ಜಿ ಕುಕ್ಕಿ, ಮೊಹರು ಹಾಕಿಸಿಕೊಂಡೇ ಬಂದೆ. ಆದರೆ ಅದರಿಂದ ಸೋಮವಾರ ನಿಲ್ಲುವುದಿಲ್ಲವೆಂದು ಗೊತ್ತಿತ್ತು.

ಎರಡನೆಯ ಸಲ ಬರಿಗೈಯಲ್ಲಿ ಹೋಗಿ ಅಜ್ಜಿಗೆ ಎಲ್ಲ ಹೇಳಿ, ಕ್ರಿನಾ ನಮ್ಮಲ್ಲಿದ್ದು ಓದಲಿ ಎಂದೆ. ಅವಳು ಜೋಳದ ತೆನೆ ಬಿಡಿಸುತ್ತಲೇ ಕೇಳಿದಳು.

"ನೀನೂ ಹುಡುಗೀನ ಒಯ್ಯೋಕೆ ಬಂದಿದೀಯ, ಅವಳೂ ಒಯ್ಯೋಕೆ ಬಂದಿದಾಳೆ. ಅವಳ ಮೇಲೆ ನೀನು ಹೇಳ್ತೀಯ, ನಿನ್ನ ಮೇಲೆ ಅವಳು ಹೇಳ್ತಾಳೆ. ಅವಳು ಕೆಲಸ ಕೊಡ್ತೀನಿ ಅಂತಾಳೆ, ನೀನು ಭಿಕ್ಷೆ ಕೊಡ್ತೀನಿ ಅಂತೀಯ. ನಮ್ಮ ವಂಶದಲ್ಲಿ ದುಡಿದು ತಿಂದೋರೇ ಎಲ್ಲ."

ಬಾವಿಯ ಹತ್ತಿರ ಕ್ರಿನಾ ಸಿಕ್ಕಳು. "ಅಕ್ಕಾ, ಅಜ್ಜಿ ಸಹಿ ಹಾಕಿದ್ರೆ ಹೋಗ್ತೀನಿ. ನನ್ನ ಸಾಕಿದೋಳು, ಅವಳ ಮಾತು ಮೀರಲ್ಲ" ಎಂದಳು. ಕೊಡ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ, "ಆದ್ರೆ ನಂಗೆ ಹೋಗೋಕೆ ಇಷ್ಟ ಇಲ್ಲ" ಎಂದಳು.

ಆ ಸೋಮವಾರಕ್ಕೆ ಮುಂಚಿನ ಶನಿವಾರವೇ ನಮ್ಮವ್ವನ ವರ್ಷದ ತಿಥಿ. ನಮ್ಮಲ್ಲಿ ಸತ್ತವರ ಹೆಸರಲ್ಲಿ ತಟ್ಟೆಯಿಂದ ಮಂಚದವರೆಗೆ ಕೊಡುವುದಕ್ಕೆ ಪೊಮಾನ ಅನ್ನುತ್ತಾರೆ. ಇಲ್ಲಿ ಪಡೆದವರು ಏನು ಬಳಸುತ್ತಾರೋ ಅದು ಅಲ್ಲಿ ಸತ್ತವರಿಗೆ ಸಿಗುತ್ತದೆ. ಅದು ಭಿಕ್ಷೆಯಲ್ಲ. ಪಡೆದವರೇ ಕೊಟ್ಟವರಿಗೆ ಉಪಕಾರ ಮಾಡಿದಂತೆ. ಊರಿನ ಸಿರಿವಂತನೂ ಎರಡು ಕೈಯೊಡ್ಡಿ ಒಂದು ಬಟ್ಟಲು ತೆಗೆದುಕೊಳ್ಳುತ್ತಾನೆ. ಬೇಡ ಅನ್ನುವವರನ್ನು ನಾನು ಕಂಡಿಲ್ಲ.

ತಂಗಿ ಜಂಫೀರಾ ತಟ್ಟೆ ಟವೆಲು ಜೋಡಿಸುತ್ತ ತಲೆ ಕೆಡಿಸಿಕೊಂಡಿದ್ದಳು. "ಮಂಚ ಯಾರಿಗೆ ಕೊಡೋದೇ? ಈಗಿನೋರಿಗೆ ಕೊಟ್ರೆ ಉಗ್ರಾಣಕ್ಕೆ ಹಾಕ್ತಾರೆ. ದಿನಾ ಮಲಗೋರಿಗೆ ಕೊಡ್ಬೇಕು. ಇಲ್ದಿದ್ರೆ ಅವ್ವ ಅಲ್ಲಿ ನೆಲದ ಮೇಲೆ."

ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಕೆಳಗಿಟ್ಟೆ.

ಭಾನುವಾರ ಮೇಣದ ಬತ್ತಿ, ದುಂಡನೆಯ ರೊಟ್ಟಿ, ಹೊಸ ಟವೆಲು ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತೆ. ಬತ್ತಿ ಹಚ್ಚಿ, "ಅಜ್ಜಿ, ನಮ್ಮವ್ವ ಅನಾಸ್ತಾಸಿಯಾ ಹೆಸರಲ್ಲಿ ಒಂದು ಮಂಚ. ಕ್ರಿನಾ ತಗೋಬೇಕು" ಎಂದೆ.

ಅಜ್ಜಿ ತಟ್ಟನೆ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಆಮೇಲೆ ನನ್ನ ಹಿಂದೆ ಇಣುಕಿ ನೋಡಿದಳು.

"ಮಂಚ ಎಲ್ಲಿ?"

"ಪಟ್ಟಣದಲ್ಲಿ, ನಮ್ಮ ಹುಡುಗೀರ ಮನೇಲಿ ಹಾಕಿದೀನಿ. ಹೊರೋಕಾಗ್ಲಿಲ್ಲ."

"ಹೊರೋಕಾಗ್ಲಿಲ್ವೋ, ಹೊರಲಿಲ್ವೋ?"

ನಾನು ಬತ್ತಿಯ ಉರಿಗೆ ಕೈ ಅಡ್ಡ ಹಿಡಿದೆ.

"ಕಳ್ಳಿ ಕಣೇ ನೀನು! ನರಿ ಬುದ್ಧಿ. ಸತ್ತ ತಾಯೀನ ಮುಂದಿಟ್ಕೊಂಡು ನನ್ನ ಕೈ ಕಟ್ತೀಯ?" ಬತ್ತಿಯ ಮೇಣ ನನ್ನ ಬೆರಳಿನ ಮೇಲೆ ಇಳಿಯುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತ ನಿಂತಳು. "ನಿಮ್ಮವ್ವ ಹೆಂಗೆ ಹೋದ್ಲು?"

"ಮೂರು ತಿಂಗಳು ಮಲಗಿದ್ಲು ಅಜ್ಜಿ. ಕುಳಿಬಿದ್ದ ಹಳೇ ಮಂಚ. ಬೆನ್ನೆಲ್ಲ ಹುಣ್ಣಾಗಿತ್ತು. ಬೇರೆ ಮಂಚ ತರ್ತೀನಿ ತರ್ತೀನಿ ಅಂತಿದ್ದೆ. ತರೋದ್ರೊಳಗೆ ಹೋದ್ಲು."

ಇದನ್ನು ಹೇಳಬೇಕೆಂದು ನಾನು ಹೋಗಿರಲಿಲ್ಲ. ಉಪಾಯ ಹೂಡಲು ಹೋದವಳು ನಾನು, ಆದರೆ ಅಲ್ಲಿ ನಿಂತು ಗಳಗಳನೆ ಅತ್ತೆ. ಅವ್ವ ಒಂದು ಒಳ್ಳೆಯ ಹಾಸಿಗೆಯಲ್ಲಿ ಮಲಗಲಿ ಎಂಬ ಆಸೆ ನನಗೆ ನಿಜವಾಗಿಯೂ ಇತ್ತು.

ಅಜ್ಜಿ ಒಳಗೆ ತಿರುಗಿ ಕೂಗಿದಳು. "ಕ್ರಿನಾ, ಬಾರೇ. ಕೈ ತೊಳ್ಕೊಂಡು ಬಾ."

ಹುಡುಗಿ ರೊಟ್ಟಿಯನ್ನೂ ಬತ್ತಿಯನ್ನೂ ಎರಡು ಕೈಯಲ್ಲಿ ಪಡೆದು, "ದೇವರು ಅವರನ್ನ ಮನ್ನಿಸಲಿ" ಎಂದು ಸತ್ತವರಿಗಾಗಿ ಹೇಳುವ ಮಾತು ಹೇಳಿದಳು. ಅಷ್ಟಾದ ಮೇಲೆ ಮಂಚ ಅವಳದಾಯಿತು. ಅವಳು ಅದರಲ್ಲಿ ಮಲಗಲೇಬೇಕು.

ಸೋಮವಾರ ಬೆಳಿಗ್ಗೆ ಕ್ರಿನಾಳನ್ನು ಕರೆದೊಯ್ಯಲು ನಾನು ಮೊದಲ ಬಸ್ಸಿಗೆ ಹೋದೆ. ಹಿಂದೆಯೇ ರಾಯಿಸಾಳ ಕಾರು ಬಂತು. ಅಜ್ಜಿ ಗೇಟಿನ ಅಗಳಿ ತೆಗೆಯಲಿಲ್ಲ.

"ಹುಡುಗಿ ಬರಲ್ಲಮ್ಮ. ಅವಳು ಮಲಗೋ ಮಂಚದಲ್ಲಿ ಈಗ ಇನ್ನೊಬ್ರೂ ಮಲಗ್ತಾರೆ. ಇವಳು ಎದ್ದು ಹೋದ್ರೆ ಅವರು ನೆಲಕ್ಕೆ ಬೀಳ್ತಾರೆ."

"ಅಯ್ಯೋ ಅಜ್ಜೀ, ಈ ಕಾಲದಲ್ಲೂ ಇಂಥ ಮಾತಾ? ಅಂಥ ಕೆಲಸ ಮತ್ತೆ ಸಿಗಲ್ಲ."

"ಸಿಗದಿದ್ರೆ ಬೇಡ."

ರಾಯಿಸಾಳ ಮುಖದಿಂದ ನಗು ಇಳಿಯಿತು. "ಬಿಡಿ. ನಿಮ್ಮೂರಲ್ಲಿ ಇವಳೊಬ್ಬಳೇನಾ ಹುಡುಗಿ? ಸಂಜೆಯೊಳಗೆ ಇನ್ನೊಬ್ಬಳು ಸಿಗ್ತಾಳೆ."

ಕಾರು ಹೋದ ಮೇಲೂ ಅಜ್ಜಿ ಗೇಟು ಹಿಡಿದುಕೊಂಡೇ ಇದ್ದಳು. "ಕ್ರಿನಾಳಂಥ ಗುಣವಂತೇನೇ ಬೇಕು ಅಂದಿದ್ಲಲ್ಲೇ ನನ್ನ ಹತ್ರ" ಎಂದಳು ಮೆಲ್ಲಗೆ. "ಯಾರಾದ್ರೂ ಆಗ್ತಿತ್ತಾ?" ನಾನು ಎರಡನೆಯ ಸಲ ಬಂದಾಗ ಹೇಳಿದ್ದು ಆಗ ಅವಳೊಳಗೆ ಇಳಿಯಿತು.

ಕ್ರಿನಾ ನನ್ನೊಡನೆ ಬಂದಳು. ಮೂರನೆಯ ದಿನ ಮಧ್ಯಾಹ್ನ ನಮ್ಮ ಮನೆಯ ಮುಂದೆ ಒಂದು ಕುದುರೆ ಗಾಡಿ ನಿಂತಿತು. ಮೇಲೆ ಬಿಚ್ಚಿ ಕಟ್ಟಿದ ಹಳೆಯ ಮರದ ಮಂಚ, ಗರಿ ತುಂಬಿದ ದಿಂಬು, ಉಣ್ಣೆಯ ಕಂಬಳಿ. ಪಕ್ಕದಲ್ಲಿ ಯೆವ್ಡೊಕಿಯಾ ಅಜ್ಜಿ, ಕೈಯಲ್ಲಿ ಬತ್ತಿ. ಅವಳ ಹಿಂದೆ ಹದಿನಾಲ್ಕರ ಒಬ್ಬ ಹುಡುಗಿ, ಅವಳ ತಾಯಿ.

"ಇನ್ನೊಬ್ಬಳು ಅಂದ್ಲಲ್ಲ, ಅದು ಯಾರು ಅಂತ ಮನೆಮನೆಗೂ ಹೋಗಿ ಕೇಳ್ದೆ" ಎಂದಳು ಅಜ್ಜಿ. "ಇವಳೇ, ಅಗ್ಲಾಯಾ. ಇವರಮ್ಮ ಒಪ್ಪಿದಾಳೆ. ಮಂಚ ಒಳಗೆ ಹಾಕು."

"ಯಾರ ಹೆಸರಲ್ಲಿ ಅಜ್ಜಿ?"

"ನನ್ನ ಹೆಸರಲ್ಲೇ. ಬದುಕಿರೋವಾಗ ನಮಗೆ ನಾವೇ ಕೊಟ್ಕೋಬಾರ್ದಾ? ನಮ್ಮಜ್ಜಿ ಕೊಟ್ಕೊಂಡಿದ್ಲು."

"ಇದು ನಿಮ್ಮ ಮಂಚ ಅಲ್ವಾ? ನೀವೆಲ್ಲಿ ಮಲಗ್ತೀರಿ?"

"ಒಲೆ ಕಟ್ಟೆ ಮೇಲೆ, ಬೆಚ್ಚಗೆ. ನೀನು ನನ್ನ ಸೊಂಟದ ಚಿಂತೆ ಬಿಡು."

ನಾನೂ ಕ್ರಿನಾಳೂ ಮಂಚ ಹೊತ್ತು ಒಳಗೆ ಜೋಡಿಸಿದೆವು. ಅಜ್ಜಿ ಬತ್ತಿ ಹಚ್ಚಿ ಅಗ್ಲಾಯಾಳ ಮುಂದೆ ಹಿಡಿದಳು. ಹುಡುಗಿ ಎರಡು ಕೈಯೊಡ್ಡಿದಳು, ಆದರೆ ಬಾಯಿ ತಡವರಿಸಿತು.

"ಅಜ್ಜಿ, ನೀವು ಸತ್ತಿಲ್ಲವಲ್ಲ. ನಾನೇನು ಹೇಳ್ಬೇಕು?"

"ಏನೂ ಹೇಳ್ಬೇಡ ಮಗಾ. ಚೆನ್ನಾಗಿ ನಿದ್ದೆ ಮಾಡು, ಸಾಕು."