ಮಲಗಿ ನೋಡಬೇಕಾದ ಚಾವಣಿ

ಸೊಂಟ ಸಡಿಲವಾಗಲಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಅತ್ತಿಗೆ ನಡೆಯಲು ಹೊರಟಿದ್ದು; ಜೊತೆಗೆ ನಾದಿನಿಯನ್ನು ಕರೆದುಕೊಂಡದ್ದೇ ಎಡವಟ್ಟಾಯಿತು. ಮೂವತ್ತೈದು ವರ್ಷ ನರ್ಸಾಗಿದ್ದ ಅತ್ತಿಗೆಗೆ ಕಟ್ಟಡವೆಂದರೆ ವಾರ್ಡು, ಮೆಟ್ಟಿಲು, ಕೆಟ್ಟುನಿಂತ ಲಿಫ್ಟು. ನಾದಿನಿಯೋ ಅಪ್ಪನ ಮರಗೆಲಸದ ಅಂಗಡಿಯನ್ನು ಒಂಟಿ ಕೈಯಲ್ಲಿ ನಡೆಸಿದವಳು. ಯಾರ ಮನೆ ಬಾಗಿಲನ್ನಾದರೂ ತಟ್ಟುವ ಮೊದಲು ಒಮ್ಮೆ ಸವರಿ ನೋಡುವ ಹೆಂಗಸು. ಅವಳ ಬೆನ್ನಿಗೆ ಬಿದ್ದು ಒಂದು ಹಳೆಯ ಚರ್ಚಿನೊಳಗೆ ಇಣುಕಿದ್ದಷ್ಟೇ, ಹುಚ್ಚು ಇಬ್ಬರಿಗೂ ಅಂಟಿತು. ವರ್ಷ ತುಂಬುವುದರೊಳಗೆ ಇಪ್ಪತ್ತಾರು ಊರಿನ ಚರ್ಚು ಸುತ್ತಿ ಬಂದರು.

ಇಪ್ಪತ್ತೇಳನೆಯದು ಗುಡ್ಡದ ನೆತ್ತಿಯ ಮೇಲಿತ್ತು. ಪಾಚಿ ಮೆತ್ತಿದ ಸಮಾಧಿಗಲ್ಲುಗಳ ನಡುವೆ, ಚಾಡಿ ಕೇಳಿಸಿಕೊಳ್ಳಲು ವಾಲಿದವರಂತೆ ತುಸು ಬಾಗಿದ ಗಂಟೆಗೋಪುರ. ಬೀಗದ ಕೈ ಕೆಳಗಿನ ಬೇಕರಿಯಲ್ಲಿತ್ತು.

"ಒಳಗೆ ನೋಡೋಕೆ ಏನಿದೆಯಮ್ಮ, ಎಲ್ಲಾ ಹಳೇದು," ಎನ್ನುತ್ತ ಬೇಕರಿಯಾಕೆ ಸೌಟಿನುದ್ದದ ಕೀಲಿಯನ್ನು ಕೈಗಿಟ್ಟಳು.

ಒಳಗೆ ಕಾಲಿಟ್ಟರೆ ಮಾರು ದಪ್ಪದ ಗೋಡೆ, ಬಣ್ಣದ ಗಾಜಿನಿಂದ ಇಳಿದ ಬಿಸಿಲು ನೆಲದ ತುಂಬ ಕೆಂಪು, ನೀಲಿ. ನಾದಿನಿ ಅದೊಂದನ್ನೂ ನೋಡಲಿಲ್ಲ. ತಲೆ ಎತ್ತಿದವಳು ಎತ್ತಿದಂತೆಯೇ ನಿಂತಳು. ಮೇಲೆ ಕಮಾನಿನ ಮೇಲೆ ಕಮಾನು, ದೋಣಿ ಮಗುಚಿಟ್ಟ ಹಾಗೆ ಮರದ ಚಾವಣಿ.

"ಅತ್ತಿಗೆ, ಒಂದು ಮೊಳೆ ಇಲ್ಲ. ಬರೀ ಗೂಟ. ನೂರಾರು ವರ್ಷದಿಂದ ಬರೀ ಗೂಟದ ಮೇಲೆ ನಿಂತಿದೆ."

"ನನ್ನ ಕತ್ತೂ ಗೂಟದ ಹಾಗೆ ನಿಂತಿದೆ ಕಣೇ. ಇಳೀತಿಲ್ಲ."

"ಹಾಗಾದ್ರೆ ಮಲಗಿಬಿಡಿ."

ಯಾರಿದ್ದಾರೆ ನೋಡಲು ಎಂದುಕೊಂಡು ಇಬ್ಬರೂ ಬೆಂಚುಗಳ ನಡುವಿನ ಓಣಿಯಲ್ಲಿ, ಚೀಲವನ್ನು ತಲೆದಿಂಬು ಮಾಡಿಕೊಂಡು ಅಂಗಾತ ಮಲಗಿದರು. ಕಲ್ಲು ತಣ್ಣಗಿತ್ತು. ಆಗಲೇ ಅತ್ತಿಗೆಗೆ ಕಂಡದ್ದು: ತೊಲೆಯ ತುದಿಯಲ್ಲಿ, ನಿಂತವರ ಕಣ್ಣಿಗೆ ಬೀಳದ ಕಡೆ, ಮರದಲ್ಲೇ ಕೆತ್ತಿದ, ನಾಲಿಗೆ ಚಾಚಿದ ಒಂದು ಮುಖ. ಪಕ್ಕದಲ್ಲಿ ಮೂಗು ಹಿಡಿದುಕೊಂಡ ಇನ್ನೊಂದು.

"ಕೆತ್ತಿದವನಿಗೆ ಮೇಸ್ತ್ರಿ ಮೇಲೆ ಸಿಟ್ಟಿತ್ತು ಅನ್ಸುತ್ತೆ," ಎಂದಳು ನಾದಿನಿ. ಅತ್ತಿಗೆಗೆ ನಗು ಉಕ್ಕಿತು. ಅದುಮಿದಷ್ಟೂ ಹೊಟ್ಟೆ ಕುಣಿಯಿತು. ಕಣ್ಣಲ್ಲಿ ನೀರು, ಉಸಿರಿಗೆ ದಾರಿಯಿಲ್ಲ. ಕೊನೆಗೆ ಸುಸ್ತಾಗಿ ಕಣ್ಣು ಮುಚ್ಚಿದಳು.

ಯಾರೋ ಅವಳ ಮಣಿಕಟ್ಟು ಹಿಡಿದರು. ಬಗ್ಗಿ ನಿಂತಿದ್ದವನು ಬಾಗಿಲಗಲದ ಗಂಡಸು, ಊರಿನ ಕಟುಕ. ಚರ್ಚಿನಲ್ಲಿ ಹಾಡುವ ಮೇಳದವರು ಅಭ್ಯಾಸಕ್ಕೆ ಬಂದಿದ್ದರು. ಅವನ ಹಿಂದೆ ಹತ್ತು ಮಂದಿ ಬೆಪ್ಪಾಗಿ ನಿಂತಿದ್ದರು.

"ನಾಡಿ ಸಿಗ್ತಿಲ್ಲ," ಎಂದ ಅವನು, ಬಿಳಿಚಿಕೊಂಡು.

"ಅಲ್ಲಿ ಎಲ್ಲಿ ಸಿಗುತ್ತೆ? ಹೆಬ್ಬೆರಳ ಬುಡದಲ್ಲಿ ಹಿಡೀರಿ," ಎಂದಳು ಅತ್ತಿಗೆ ಕಣ್ಣು ತೆರೆಯದೆ.

ಅವನು ಹೌಹಾರಿ ಹಿಂದಕ್ಕೆ ಕುಕ್ಕರಿಸಿದ. ಜೀವ ತಹಬಂದಿಗೆ ಬಂದ ಮೇಲೆ, ನಾದಿನಿ ಬೆರಳು ತೋರಿಸಿದ ಕಡೆ ನೋಡಲೆಂದು ತಾನೂ ಮಲಗಿದ.

"ನಲವತ್ತು ವರ್ಷದಿಂದ ಇಲ್ಲೇ ಹಾಡ್ತಿದೀನಿ. ಈ ಬಡ್ಡೀಮಗ ನನಗೇ ನಾಲಿಗೆ ತೋರಿಸ್ತಿದ್ನಾ?"

ಅಲ್ಲಿಗೆ ಮುಗಿಯಿತು. ನೋಡೋಣ ಸರಿಯಿರಿ ಎಂದು ಒಬ್ಬೊಬ್ಬರಾಗಿ ಎಲ್ಲರೂ ನೆಲಕ್ಕಿಳಿದರು. ಹಾಡು ಕಲಿಸುವ ಟೀಚರು ಕೊನೆಗೆ ಬಂದರು. ತಮ್ಮ ಮೇಳವೆಲ್ಲ ಸಾಲಾಗಿ ಉರುಳಿದ್ದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಇದೇನ್ರೀ ಅವತಾರ?"

"ನೀವೂ ಬನ್ನಿ ಟೀಚರ್, ಜಾಗ ಇದೆ," ಎಂದಳು ಅತ್ತಿಗೆ.

ಟೀಚರು ಕನ್ನಡಕ ಸರಿಮಾಡಿಕೊಂಡು ಮಲಗಿದರು. ಆಮೇಲೆ ಅವರ ಕೈ ಗಾಳಿಯಲ್ಲಿ ಎದ್ದಿತು, ಹನ್ನೊಂದು ಕೊರಳು ಒಟ್ಟಿಗೆ ಹೊರಟವು. ಸ್ವರ ನೇರ ಚಾವಣಿಗೆ ಏರಿ, ತೊಲೆಗಳ ನಡುವೆ ತಿರುಗಿ, ದುಪ್ಪಟ್ಟಾಗಿ ಎದೆಯ ಮೇಲೆ ಇಳಿಯಿತು. ಅತ್ತಿಗೆಯ ಮೈ ಜುಮ್ಮೆಂದಿತು. ಪಕ್ಕದಲ್ಲಿ ನಾದಿನಿ ರಾಗವಿಲ್ಲ, ತಾಳವಿಲ್ಲ, ಆದರೂ ಗುನುಗುತ್ತಿದ್ದಳು.

ಕಷ್ಟ ಬಂದದ್ದು ಏಳುವಾಗ. ಅರ್ಧಕ್ಕರ್ಧ ಜನರ ಮಂಡಿ ಒಪ್ಪಲಿಲ್ಲ. ಅತ್ತಿಗೆ ಮೊದಲು ಎದ್ದು ವಾರ್ಡಿನ ಗತ್ತಿನಲ್ಲಿ ನಿಂತಳು: "ಯಾರೂ ದಡಕ್ಕನೆ ಏಳಬೇಡಿ. ಪಕ್ಕಕ್ಕೆ ಹೊರಳಿ, ಬೆಂಚು ಹಿಡ್ಕೊಳ್ಳಿ." ಒಬ್ಬೊಬ್ಬರನ್ನೇ ಎಬ್ಬಿಸುತ್ತ ಬಂದಳು. ಕಟುಕನಿಗೆ ಮಾತ್ರ ನಾಲ್ಕು ಜನ ಬೇಕಾಯಿತು.

ನಾದಿನಿ ಕದಲಲಿಲ್ಲ.

"ಏಳೇ, ಬಸ್ಸು ಹೋಗುತ್ತೆ."

"ಹೋಗ್ಲಿ ಬಿಡಿ ಅತ್ತಿಗೆ. ಇವರ ಕೈಲಿ ಇನ್ನೊಂದು ಹಾಡಿಸಿ."